ಅಕ್ಕನ ಎಡಗೈ ಮತ್ತು ನಿಂತುಹೋದ ಎಂಜಿನ್

ಜೂನ್ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಎಂಟು ಇಪ್ಪತ್ತು. ಕಾರಿನಲ್ಲಿ ಮೂವರು: ಸ್ಟಿಯರಿಂಗ್ ಹಿಡಿದ ನಾನು, ಪಕ್ಕದಲ್ಲಿ ಭಾವ, ಹಿಂದಿನ ಸೀಟಿನಲ್ಲಿ ಅಕ್ಕ.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಅವಳನ್ನು ಇಟ್ಟಮಡುವಿನಿಂದ ವಿಲ್ಸನ್ ಗಾರ್ಡನ್‌ನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯುವುದು ನನ್ನ ಕೆಲಸ. ಅವಳ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದರು. ಸೂಜಿ ಚುಚ್ಚುವುದು ಅಲ್ಲಿಗೇ. ಆ ಕೈಗೆ ಬಳೆ ಹಾಕುವಂತಿಲ್ಲ, ಬಿ.ಪಿ. ಪಟ್ಟಿ ಸುತ್ತುವಂತಿಲ್ಲ, ಯಾರೂ ಹಿಡಿದು ಎಳೆಯುವಂತಿಲ್ಲ. ಬಲಗೈಯಲ್ಲಿ ಮಾಡಿದ್ದು ಮೊದಲ ವರ್ಷವೇ ರಕ್ತ ಹೆಪ್ಪುಗಟ್ಟಿ ಹಾಳಾಗಿತ್ತು. ಉಳಿದದ್ದು ಇದೊಂದೇ.

ಭಾವ ಬಸ್ ಓಡಿಸಿ ನಿವೃತ್ತರಾದವರು. ಪಕ್ಕದ ಸೀಟಿನಲ್ಲಿ ಕೂತರೂ ಅವರ ಕಾಲಿಗೆ ನಿವೃತ್ತಿ ಸಿಕ್ಕಿಲ್ಲ. ಎದುರಿಗೆ ಏನಾದರೂ ಅಡ್ಡ ಬಂದರೆ ಇಲ್ಲದ ಬ್ರೇಕನ್ನು ನೆಲದ ಮೇಲೆ ಬಲವಾಗಿ ತುಳಿಯುತ್ತಾರೆ. ಅಂದು ಅವರ ಕಾಲ ಬಳಿ ಅಕ್ಕನ ಉಪ್ಪಿಲ್ಲದ ಉಪ್ಪಿಟ್ಟಿನ ಸ್ಟೀಲ್ ಕ್ಯಾರಿಯರ್ ಇತ್ತು.

"ನಿಧಾನ ಕಣಯ್ಯಾ. ಅರವತ್ತು ಜನರನ್ನ ಕೂರಿಸ್ಕೊಂಡಾಗ್ಲೂ ನಾನು ಇಷ್ಟು ಹೆದರಿರ್ಲಿಲ್ಲ."

"ಕಾಲು ಸುಮ್ನಿಟ್ಕೊಳ್ಳಿ ಭಾವ. ಅಲ್ಲಿ ಪೆಡಲ್ ಇಲ್ಲ."

ಬನಶಂಕರಿ ಬಸ್ ನಿಲ್ದಾಣದ ಸಿಗ್ನಲ್ ದಾಟುವಾಗ ಒಂದು ಬೈಕು ಎಡದಿಂದ ನುಗ್ಗಿತು. ನಾನು ಬ್ರೇಕ್ ಹಾಕಿದೆ, ಭಾವನೂ ಹಾಕಿದರು. ಬೈಕು ತಪ್ಪಿಸಿಕೊಂಡು ಹೋಯಿತು. ನಮ್ಮ ಎಂಜಿನ್ ನಿಂತಿತು.

ಕೀಲಿ ತಿರುಗಿಸಿದೆ. ಸ್ಟಾರ್ಟರ್ ಚೆನ್ನಾಗಿ ಸುತ್ತಿತು, ಎಂಜಿನ್ ಹಿಡಿಯಲಿಲ್ಲ. ಅಂದರೆ ಬ್ಯಾಟರಿ ಸರಿಯಿದೆ. ಮುಂದೆ ನೋಡಬೇಕಾದ್ದು ಫ್ಯೂಸು, ಆಮೇಲೆ ಪೆಟ್ರೋಲು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರ ರಿಪೇರಿ ಮಾಡಿಸಿದವನು ನಾನು. ಕ್ರಮ ಬಿಟ್ಟು ಕೈ ಹಾಕುವುದಿಲ್ಲ. ಉಕ್ಕಿನ ಟಾರ್ಚ್ ಹಿಡಿದು ಇಳಿದೆ.

ಹಿಂದಿನ ದೊಡ್ಡ ಕಾರಿನವನು ಅಷ್ಟರಲ್ಲಿ ಬಂದಿದ್ದ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಶರಟು. ನಮ್ಮ ಕಾರಿನ ತಲೆಯ ಮೇಲೆ ಅಂಗೈಯಿಂದ ಬಡಿದ.

"ಅಂಕಲ್, ಗಾಡಿ ತೆಗೀರಿ."

"ಎಂಜಿನ್ ನಿಂತಿದೆ. ಎರಡು ನಿಮಿಷ ಕೊಡಿ."

"ರೋಡೇನು ನಿಮ್ಮಪ್ಪಂದಾ?"

ಕೊರಳಪಟ್ಟಿ ಹಿಡಿದು ನನ್ನನ್ನು ಬಾಗಿಲಿಗೆ ನೂಕಿದ. ಎರಡು ಗುಂಡಿ ಕಿತ್ತುಹೋದವು. ಭಾವ ಸುತ್ತಿ ಬಂದು "ವಯಸ್ಸಿಗಾದ್ರೂ ಮರ್ಯಾದೆ ಕೊಡಯ್ಯ" ಅನ್ನುವಷ್ಟರಲ್ಲಿ ಅವರ ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿತು, ತುಟಿ ಒಡೆಯಿತು. ಭಾವನಿಗೆ ಎಪ್ಪತ್ತಾರು, ಆದರೂ ತಲೆ ಬಗ್ಗಿಸಿ ಅವನ ಹೊಟ್ಟೆಗೆ ನುಗ್ಗಿದರು. ಇಬ್ಬರೂ ನಮ್ಮ ಡಿಕ್ಕಿಯ ಮೇಲೆ ಬಿದ್ದು ಹೊರಳಾಡಿದರು. ಸುತ್ತಲೂ ಹಾರನ್ನು. ಯಾರೋ ವಿಡಿಯೋ ತೆಗೆಯುತ್ತಿದ್ದರು.

ನಾನು ಬಾನೆಟ್ ಎತ್ತಿ ಫ್ಯೂಸ್ ನೋಡಿದೆ. ಭಾವ ಏಟು ತಿನ್ನುತ್ತಿದ್ದಾಗ ನಾನು ಬಿಡಿಸಲು ಹೋಗಲಿಲ್ಲ. ಗಂಟೆ ಎಂಟೂ ಮೂವತ್ತೈದು. ಒಂಬತ್ತೂವರೆ ದಾಟಿದರೆ ಅಕ್ಕನ ಯಂತ್ರಕ್ಕೆ ಬೇರೆಯವರನ್ನು ಹಾಕುತ್ತಾರೆ, ಅವಳು ಸೋಮವಾರದವರೆಗೆ ಕಾಯಬೇಕು. ಆಗಲೇ ಅವಳ ಪಾದ ಊದಿತ್ತು, ಉಸಿರು ಸಾಲುತ್ತಿರಲಿಲ್ಲ.

ಫ್ಯೂಸ್ ಸರಿಯಿತ್ತು. ಪೆಟ್ರೋಲ್ ಪಂಪು ಇರುವುದು ಹಿಂದಿನ ಸೀಟಿನ ಕೆಳಗೆ. ಕೀಲಿ ತಿರುಗಿಸಿದ ಕೂಡಲೇ ಎರಡು ಸೆಕೆಂಡು ಸದ್ದು ಮಾಡಬೇಕು. ಆ ಗಲಾಟೆಯಲ್ಲಿ ನನಗೆ ಏನೂ ಕೇಳುವಂತಿರಲಿಲ್ಲ.

"ಅಕ್ಕ, ಸೀಟಿಗೆ ಕಿವಿ ಇಟ್ಟು ಮಲಕ್ಕೋ. ಗುಂಯ್ ಅಂತ ಬರುತ್ತಾ ಕೇಳು."

ಅವಳು ಮಲಗಿದಳು. ನಾನು ಕೀಲಿ ತಿರುಗಿಸಿದೆ.

"ಇಲ್ವೋ. ಇನ್ನೊಂದ್ಸಲ ತಿರುಗ್ಸು... ಇಲ್ಲ, ಏನೂ ಇಲ್ಲ."

ಪೆಟ್ರೋಲ್ ಬರುತ್ತಿಲ್ಲ ಅನ್ನುವುದು ಖಚಿತವಾಯಿತು. ಅಷ್ಟರಲ್ಲಿ ಆ ಮನುಷ್ಯ ಭಾವನನ್ನು ಕೊಡವಿಕೊಂಡು ಬಂದು ಹಿಂದಿನ ಬಾಗಿಲು ತೆಗೆದ.

"ಆಂಟಿ ಹಾಯಾಗಿ ಮಲ್ಗಿದಾರೆ ನೋಡು. ಇಳೀರಿ, ಇಳಿದು ತಳ್ರಿ."

ಎಡಗೈ ಹಿಡಿದು ಎಳೆದ. ಅಕ್ಕ "ಕೈ, ಕೈ" ಎಂದು ಕಿರುಚಿದಳು.

ನಾನು ಇಳಿದು ಬಂದು ಟಾರ್ಚಿನಿಂದ ಅವನ ಕಿವಿಯ ಮೇಲೆ ಹೊಡೆದೆ. ಮೊದಲ ಏಟಿಗೇ ಅವನು ಕೈ ಬಿಟ್ಟ. ಎರಡನೆಯದು ಹೊಡೆದದ್ದು ಅವನು ಕೈ ಬಿಟ್ಟು ತಿರುಗಿದ ಮೇಲೆ. ಅದು ಹುಬ್ಬಿನ ಮೇಲೆ ಬಿತ್ತು, ಚರ್ಮ ಬಿರಿಯಿತು. ಅವನು ರಸ್ತೆಯ ಮೇಲೆ ಕೂತ. ಬಿಳಿ ಶರಟಿನ ಮುಂಭಾಗ ನೋಡನೋಡುತ್ತ ಕೆಂಪಾಯಿತು. ಮೂರನೆಯದಕ್ಕೆ ಕೈ ಎತ್ತಿದ್ದೆ. ಇಬ್ಬರು ಬೈಕಿನವರು ಹಿಡಿದುಕೊಂಡರು.

ಟ್ರಾಫಿಕ್ ಪೊಲೀಸರು ಬಂದರು. ಅಕ್ಕ ತೋಳಿನ ಉಬ್ಬಿದ ನರ ತೋರಿಸಿ ಎರಡೇ ಮಾತಿನಲ್ಲಿ ವಿಷಯ ಹೇಳಿದಳು. ಕೂತಿದ್ದವನು ಕರ್ಚೀಫು ಒತ್ತಿಕೊಂಡು "ನಂಗೆ ಗೊತ್ತಿರ್ಲಿಲ್ಲ" ಅಂದ.

"ನೀನೂ ಹೋಗಿ ಹೊಲಿಗೆ ಹಾಕಿಸ್ಕೋ" ಅಂದಳು ಅಕ್ಕ.

ಭಾವ ಕನ್ನಡಕದ ಚೂರು ಆರಿಸುತ್ತ, ನನ್ನ ಮುಖ ನೋಡದೆ ಹೇಳಿದರು: "ನಾನು ಕಾಲು ಒತ್ತಿದಾಗ ಕ್ಯಾರಿಯರ್ ಪಕ್ಕಕ್ಕೆ ಹೋಗಿ ಜೋರಾಗಿ ಬಡೀತು. ಆಗ್ಲೇ ಕಣಯ್ಯಾ ನಿಂತಿದ್ದು."

ಆಗ ಹೊಳೆಯಿತು. ನಮ್ಮದು ಹಳೆಯ ಕಾರು. ಅಪಘಾತವಾದರೆ ಬೆಂಕಿ ಹತ್ತದಿರಲೆಂದು ಪೆಟ್ರೋಲ್ ನಿಲ್ಲಿಸುವ ಒಂದು ಸ್ವಿಚ್ ಎಡಬದಿಯ ಕಾಲ ಬಳಿಯ ಗೋಡೆಯಲ್ಲೇ ಇದೆ. ಬಲವಾದ ಪೆಟ್ಟು ಬಿದ್ದರೆ ಅದರ ಗುಂಡಿ ಮೇಲೇಳುತ್ತದೆ. ಕ್ಯಾರಿಯರ್ ಸರಿಸಿ ಬೆರಳು ಹಾಕಿದೆ. ಎದ್ದಿತ್ತು. ಒತ್ತಿದೆ. ಕೀಲಿ ತಿರುಗಿಸಿದೆ.

"ಬಂತು" ಅಂದಳು ಅಕ್ಕ. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು.

"ಇವತ್ತು ನಿಮ್ಮ ಬ್ರೇಕು ಹಿಡೀತು ಭಾವ" ಅಂದೆ. ಅವರು ತುಟಿ ಒರೆಸಿಕೊಂಡರು.

ಪೊಲೀಸರು ನನ್ನ ಲೈಸೆನ್ಸಿನ ಫೋಟೋ ತೆಗೆದು, ಆಸ್ಪತ್ರೆ ಮುಗಿಸಿ ಠಾಣೆಗೆ ಬರಲು ಹೇಳಿ ಬಿಟ್ಟರು. ಒಂಬತ್ತೂ ಇಪ್ಪತ್ತಕ್ಕೆ ತಲುಪಿದೆವು. ನರ್ಸಮ್ಮ ಅಕ್ಕನ ತೋಳಿನ ಮೇಲೆ ಸ್ಟೆತಸ್ಕೋಪ್ ಇಟ್ಟು ರಕ್ತ ಹರಿಯುವ ಸದ್ದಿಗೆ ಕಿವಿಗೊಟ್ಟರು. ಜಾಗ ಬದಲಿಸಿ ಮತ್ತೆ ಇಟ್ಟರು.

"ಇದೆ. ಆದ್ರೆ ಕಮ್ಮಿಯಾಗಿದೆ. ಇವತ್ತು ಯಂತ್ರ ನಿಧಾನಕ್ಕೆ ಓಡಿಸ್ತೀವಿ. ಸಂಜೆ ಆರಕ್ಕೆ ಬೆರಳಿಟ್ಟು ನೋಡಿ. ಅದುರ್ತಾ ಇಲ್ಲ ಅಂದ್ರೆ ತಕ್ಷಣ ಕರ್ಕೊಂಡು ಬನ್ನಿ."

ಅಕ್ಕನನ್ನು ಮನೆಗೆ ಬಿಟ್ಟು ಮೂರೂವರೆಗೆ ಠಾಣೆಗೆ ಹೋದೆ. ಹೇಳಿಕೆ ಬರೆಸಿಕೊಳ್ಳುತ್ತಿದ್ದ ಪೇದೆ ಒಳ್ಳೆಯವರು. "ಸಾರ್, ಅವ್ರ ಕೈ ಬಿಡ್ಸೋಕೆ ಹೊಡ್ದೆ ಅಂತ ಬರೀರಿ, ಸಾಕು" ಅಂದರು.

"ಮೊದಲನೇದು ಅದಕ್ಕೆ. ಎರಡನೇದು ಅದಕ್ಕಲ್ಲ."

"ಅದನ್ಯಾರು ಕೇಳಿದ್ರು ಸಾರ್?"

ಎರಡನ್ನೂ ಬರೆದು ಸಹಿ ಹಾಕಿದೆ. ಹುಬ್ಬಿಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಬಂದ ಅವನು ಆಚೆ ಬೆಂಚಿನಲ್ಲಿ ಕೂತು ತನ್ನದನ್ನು ಬರೆಯುತ್ತಿದ್ದ.

ಆರು ಗಂಟೆಗೆ ಅಕ್ಕ ತೋಳು ಚಾಚಿದಳು. ಮೊದಲು ಭಾವ ಬೆರಳಿಟ್ಟರು. ಸ್ಟಿಯರಿಂಗ್ ಹಿಡಿದು ಜಡ್ಡುಗಟ್ಟಿದ ಬೆರಳು. ಅವರಿಗೆ ಏನೂ ಗೊತ್ತಾಗಲಿಲ್ಲ, ಮುಖ ಬಿಳುಚಿತು. ಆಮೇಲೆ ನಾನಿಟ್ಟೆ. ಆ ಮನುಷ್ಯನ ಹಿಡಿತದ ಕಲೆ ನೀಲಿಗಟ್ಟಿತ್ತು. ಅದರ ಸ್ವಲ್ಪ ಕೆಳಗೆ ಚರ್ಮ ಸಣ್ಣಗೆ ಅದುರುತ್ತಿತ್ತು. ಗಡಿಯಾರ ನೋಡಿ ಒಂದು ನಿಮಿಷ ಪೂರ್ತಿ ಬೆರಳು ತೆಗೆಯದೆ ಕೂತೆ. ನಿಲ್ಲಲಿಲ್ಲ. "ಇದೆ" ಅಂದೆ. ಅಕ್ಕ ಸೆರಗು ಇಳಿಸಿಕೊಂಡಳು.