ನರಿ ಕಿವಿಯವಳ ಸೂತಕ

ಗೆಳೆಯರೇ, ನನ್ನ ನರಿ ಕಿವಿಯ ಹುಡುಗಿ ಇವತ್ತು ಮಧ್ಯಾಹ್ನ ಕೊನೆಯ ಲೈವ್ ಮಾಡಿ ಚಾನೆಲ್ ಮುಚ್ಚಿದಳು. ಇಂಟರ್ನೆಟ್ಟಿನಲ್ಲಿ ಸ್ವಂತ ಮುಖ ತೋರಿಸದೆ, ನರಿ ಕಿವಿಯ ಕಾರ್ಟೂನ್ ರೂಪದಲ್ಲೇ ಮಾತಾಡುತ್ತಿದ್ದವಳು. ಸಾಗರದ ನನ್ನ ಟೈಲರಿಂಗ್ ಅಂಗಡಿಯಲ್ಲಿ ಎಷ್ಟೋ ರವಿಕೆಗಳನ್ನು ಅವಳ ಮಾತು ಕೇಳುತ್ತಲೇ ಹೊಲಿದಿದ್ದೇನೆ.

ಅಳುತ್ತಲೇ ಊಟಕ್ಕೆ ಮನೆಗೆ ಬಂದೆ. ಅಮ್ಮ ಬಾಗಿಲಲ್ಲೇ ತಡೆದಳು. "ಯಾರು ಹೋದ್ರೇ? ಒಳಗೆ ಬರ್ಬೇಡ, ಮೊದ್ಲು ಸ್ನಾನ ಮಾಡು."

ಫೋನಿನಲ್ಲಿದ್ದ ಅವಳ ಚಿತ್ರ ತೋರಿಸಿದೆ.

"ಥೋ, ಇದು ಗೊಂಬೆ ಅಲ್ವೇನೇ! ಇದಕ್ಕೆಂತ ಸೂತಕ? ಕೈಕಾಲು ತೊಳ್ಕಂಡು ಬಾ, ಉಣ್ಣು."

"ಗೊಂಬೆ ಹಿಂದೆ ಒಬ್ಳು ಇದ್ಲಮ್ಮ."

"ಅವ್ಳು ಬದುಕಿದಾಳಲ್ಲ, ಮತ್ತೆಂತಕ್ಕೆ ಅಳ್ತೀಯ?"

ಬದುಕಿದ್ದಾಳೆ. ಎದುರಿಗೇ ಹಾದುಹೋದರೂ ನನಗೆ ಗುರುತು ಸಿಗುವುದಿಲ್ಲ, ಅಷ್ಟೇ.

ತಲೆಗೆ ಸ್ನಾನ ಮಾಡಿಯೇ ಉಂಡೆ. ಈ ಊರಿನಲ್ಲಿ ಅವಳಿಗಿದ್ದ ಬಳಗವೆಂದರೆ ನಾನೊಬ್ಬಳೇ.