ಅವಳ ಆರೂವರೆ

ಭಾನುವಾರ ಹನ್ನೊಂದು ಗಂಟೆಗೆ ಸೊರಬದಿಂದ ಗೆಳತಿಯ ಫೋನು ಬಂತು. ನಾನು ಶಿಕಾರಿಪುರದ ಮನೆಯ ಹಿಂಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಆ ವಾರ ಇಬ್ಬರೂ ನಮ್ಮ ನಮ್ಮ ಮನೆಯಲ್ಲಿ ಒಂದೇ ಸಿನಿಮಾ ನೋಡಿದ್ದೆವು. ನೋಡಿದ್ದೇವೆ ಅಂತ ನಾನಂತೂ ತಿಳಿದಿದ್ದೆ.

"ಹತ್ತಕ್ಕೆ ಆರೂವರೆ ಕೊಡಬಹುದು" ಅಂದಳು. "ಮೊದಲಾರ್ಧ ಬಿಗಿಯಾಗಿದೆ. ಎರಡನೇ ಅರ್ಧದಲ್ಲಿ ಕಥೆ ದಾರಿ ತಪ್ಪಿದ ಕರುವಿನ ಹಾಗೆ ಅಲೆಯುತ್ತೆ. ಛಾಯಾಗ್ರಹಣ ಚಿತ್ರದ ಜೀವಾಳ."

ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಇಪ್ಪತ್ತೆಂಟು ವರ್ಷದ ಸ್ನೇಹದಲ್ಲಿ ಅವಳ ಬಾಯಿಂದ 'ಜೀವಾಳ' ಅನ್ನುವ ಮಾತನ್ನು ನಾನು ಕೇಳಿರಲಿಲ್ಲ. ಕರುವಿನ ಮಾತು ಮಾತ್ರ ಹಿಡಿಸಿತು. ಚೆನ್ನಾಗಿ ಹೇಳಿದೆ ಅಂದೆ. ಅವಳು ಸುಮ್ಮನೆ "ಹ್ಞೂಂ" ಅಂದಳು.

ಅವಳು ಜಡೆ ಅನ್ನುವ ಊರಿನ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ನಾನು ಇಲ್ಲಿನ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಶಿವಮೊಗ್ಗದ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ರೂಮಿನಲ್ಲಿದ್ದವರು. ಆಗ ಸಿನಿಮಾ ಮುಗಿಸಿ ನಡೆದು ಬರುವಾಗ ದಾರಿಯುದ್ದ ಜಗಳ. ಅವಳು ಹತ್ತಕ್ಕೆ ಒಂಬತ್ತು ಅಂದರೆ ನಾನು ಮೂರು. ಮದುವೆಯಾಗಿ ಅವಳು ಸೊರಬಕ್ಕೆ ಹೋದ ಮೇಲೂ ಅದು ನಿಲ್ಲಲಿಲ್ಲ. ಮೊಬೈಲಿನಲ್ಲಿ ಸಿನಿಮಾ ಸಿಗತೊಡಗಿದ ಮೇಲಂತೂ ವಾರಕ್ಕೊಂದು ನಿಯಮವಾಯಿತು. ಒಂದು ಸಿನಿಮಾ ಗೊತ್ತು ಮಾಡಿಕೊಳ್ಳುವುದು, ಶನಿವಾರದೊಳಗೆ ನೋಡುವುದು, ಭಾನುವಾರ ಫೋನಿನಲ್ಲಿ ಹತ್ತಕ್ಕೆ ಎಷ್ಟು ಅಂಕ ಅಂತ ಹೇಳುವುದು. ನನ್ನ ಗಂಡ ಆ ಹೊತ್ತಿಗೆ ಪೇಟೆಗೆ ಹೊರಟುಬಿಡುತ್ತಾರೆ. "ನಿಮ್ಮಿಬ್ಬರ ಪರೀಕ್ಷಾ ಮಂಡಳಿ ಶುರುವಾತು" ಅನ್ನುತ್ತಾರೆ.

ಅವಳು ಅಂಕ ಕೊಡುವ ರೀತಿಯೇ ಬೇರೆ ಇತ್ತು. ಒಂದು ಸಿನಿಮಾಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದಳು. ಅದರಲ್ಲಿ ನಾಯಕಿಯ ತಾಯಿ ಹಾಲಿನ ಪಾತ್ರೆಯ ತಳಕ್ಕೆ ಹತ್ತಿದ ಕೆನೆಯನ್ನು ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡು ಆಮೇಲೆ ತೊಳೆಯಲು ಹಾಕುತ್ತಾಳೆ. "ಯಾರೂ ನೋಡದೇ ಇದ್ದಾಗ ಎಲ್ಲರೂ ಹಂಗೇ ಮಾಡದು ಮಾರಾಯ್ತಿ, ಸಿನಿಮಾದಲ್ಲಿ ಇದೇ ಮೊದಲು ನೋಡಿದ್ದು" ಅಂದಿದ್ದಳು. ಊರೆಲ್ಲ ಹೊಗಳುತ್ತಿದ್ದ ಇನ್ನೊಂದಕ್ಕೆ ಎರಡೇ ಎರಡು. ಯಾಕೆ ಅಂದರೆ, ಅದರಲ್ಲಿ ಮೇಷ್ಟ್ರು ಐದು ನಿಮಿಷ ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಾರೆ, ಹಿಂದೆ ಒಂದು ಮಗುವೂ ಪಿಟಿಕ್ಕೆನ್ನುವುದಿಲ್ಲ. "ಅಂಥ ಶಾಲೆ ಎಲ್ಲಿದೆ ಹೇಳು, ನಾಳೆನೇ ಟ್ರಾನ್ಸ್‌ಫರ್ ತಗಳ್ತೀನಿ."

ಅಂಥವಳು ಈಗ ಒಂದು ವರ್ಷದಿಂದ ಆರು, ಆರೂವರೆ, ಏಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮೊದಲಾರ್ಧ, ಎರಡನೇ ಅರ್ಧ, ಹಿನ್ನೆಲೆ ಸಂಗೀತ, ಮುಗಿಯಿತು. ಜಗಳಕ್ಕೆ ಎಡೆಯೇ ಇಲ್ಲ. ನಾನು ಕೆಣಕಿದರೂ "ಹೌದು, ನೀ ಹೇಳಿದ್ದೂ ಸರಿ" ಅನ್ನುತ್ತಾಳೆ. ಫೋನಿಟ್ಟ ಮೇಲೆ ನನಗೆ ಊಟಕ್ಕೆ ಕೂತು ಉಪ್ಪಿಲ್ಲದ ಸಾರು ಉಂಡು ಎದ್ದ ಹಾಗೆ ಆಗುತ್ತಿತ್ತು. ವಯಸ್ಸಾಯಿತೇನೋ, ಕೆಲಸ ಜಾಸ್ತಿಯೇನೋ, ಶಾಲೆಯ ಆನ್‌ಲೈನ್ ಲೆಕ್ಕಪತ್ರಗಳ ಕಾಟವೇನೋ ಅಂದುಕೊಂಡೆ.

ಮಂಗಳವಾರ ಕಾಲೇಜಿನಿಂದ ಬಂದು ರೊಟ್ಟಿ ಬಡಿಯುತ್ತಿದ್ದೆ. ಮೊಬೈಲಿನಲ್ಲಿ ಯಾವುದೋ ಅಡುಗೆ ವಿಡಿಯೋ ಮುಗಿದು ತಾನಾಗಿಯೇ ಇನ್ನೊಂದು ಶುರುವಾಯಿತು. ಕಪ್ಪು ಕನ್ನಡಕ ಹಾಕಿಕೊಂಡವನೊಬ್ಬ ನಿಂತ ಕಾರಿನಲ್ಲಿ ಕೂತು ನಾವು ನೋಡಿದ ಸಿನಿಮಾದ ವಿಮರ್ಶೆ ಹೇಳುತ್ತಿದ್ದ. ಕೈ ಹಿಟ್ಟಾಗಿತ್ತು, ನಿಲ್ಲಿಸಲಿಲ್ಲ. "ಎರಡನೇ ಅರ್ಧದಲ್ಲಿ ಕಥೆ ದಾರಿ ತಪ್ಪಿದ ಕರುವಿನ ಹಾಗೆ ಅಲೆಯುತ್ತೆ" ಅಂದ. "ಛಾಯಾಗ್ರಹಣ ಚಿತ್ರದ ಜೀವಾಳ. ನನ್ನ ರೇಟಿಂಗ್ ಹತ್ತಕ್ಕೆ ಆರೂವರೆ."

ಹೆಂಚಿನ ಮೇಲಿನ ರೊಟ್ಟಿ ಸೀದಿತು. ಹಿಟ್ಟಿನ ಕೈಯಲ್ಲೇ ಅವನ ಹಳೆಯ ವಿಡಿಯೋಗಳನ್ನು ಒಂದೊಂದಾಗಿ ಒತ್ತಿದೆ. ಎರಡು ವಾರದ ಹಿಂದಿನ ಏಳು ಅವನದೇ. ಅದರ ಹಿಂದಿನ ಆರು ಕೂಡ. ನಾನು ಭಾನುವಾರ ಭಾನುವಾರ ಮುಖ ನೋಡದ ಈ ಮನುಷ್ಯನ ಜೊತೆ ಮಾತಾಡುತ್ತಿದ್ದೆ! ಎಷ್ಟು ಸಿಟ್ಟು ಬಂತೆಂದರೆ ಅವತ್ತು ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ನೇರವಾಗಿ ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಸಿಕ್ಕಿಹಾಕಿಸಬೇಕು ಅನ್ನಿಸಿತು.

ಆ ವಾರದ ಸಿನಿಮಾ ಬೋರ್‌ವೆಲ್ಲಿಗಾಗಿ ಕಿತ್ತಾಡುವ ಅಣ್ಣತಮ್ಮಂದಿರದು. ಇಂಟರ್‌ವೆಲ್ ಆದ ಹತ್ತು ನಿಮಿಷಕ್ಕೇ ಅವರ ತಾಯಿ ತೀರಿಕೊಳ್ಳುತ್ತಾಳೆ. ಭಾನುವಾರ ಗೆಳತಿ ಎಂದಿನಂತೆ ಏಳು ಅಂದಳು. ನಾನು ಮೆತ್ತಗೆ ಕೇಳಿದೆ.

"ಕೊನೇಲಿ ಅವರವ್ವ ಇಬ್ಬರನ್ನೂ ಕೂರಿಸಿ ಬಡಸ್ತಾಳಲ್ಲ, ಅದು ಹೆಂಗನ್ನಿಸ್ತು?"

"ಚೆನ್ನಾಗಿತ್ತು. ಭಾವನಾತ್ಮಕವಾಗಿತ್ತು."

"ಏನ್ ಬಡಸಿದ್ಲು?"

"ಅನ್ನ... ಸಾರು ಅಲ್ದ? ನಂಗೆ ಅಷ್ಟು ನೆನಪಿಲ್ಲ."

ಯಾರು ಏನು ತಿಂದರು ಅನ್ನುವುದನ್ನು ಇವಳಷ್ಟು ಕಣ್ಣಿಟ್ಟು ನೋಡುವವರನ್ನು ನಾನು ಕಂಡಿಲ್ಲ. "ಆಯಮ್ಮ ಇಂಟರ್‌ವೆಲ್ ಆದ ಕೂಡಲೇ ಸತ್ತೋಗಿರ್ತಾಳೆ" ಅಂದೆ. "ಕನ್ನಡಕದ ಮನುಷ್ಯ ಹೇಳ್ಲಿಲ್ಲೇನು?"

"ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ" ಅಂದು ಫೋನ್ ಇಟ್ಟಳು. ಗೆದ್ದೆ ಅನ್ನುವ ಖುಷಿ ಒಂದೈದು ನಿಮಿಷ ಇತ್ತು. ಆಮೇಲೆ ಅದೂ ಇಲ್ಲ. ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜು ನೋಡಿದಳು, ಉತ್ತರವಿಲ್ಲ.

ಎರಡನೇ ಶನಿವಾರ ನನಗೆ ರಜೆ. ಅಂಬ್ಲಿಗೊಳದ ಅಣೆಕಟ್ಟಿನ ನೀರು ಬಿಟ್ಟಿದ್ದಾರೆ, ಗದ್ದೆ ಕೆಲಸಕ್ಕೆ ಜನ ಸಾಲದು, ಅಡುಗೆಗೆ ಬಾ ಅಂತ ಅಣ್ಣ ಕರೆದಿದ್ದ. ಬರೋದಿಲ್ಲ ಅಂತ ಹೇಳಿ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಹಿಡಿದು ಸೊರಬ ಮುಟ್ಟುವಾಗ ಒಂದೂವರೆ. ದಾರಿಯುದ್ದ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ನನಗೆ ಸುಳ್ಳು ಹೇಳುವ ಅಗತ್ಯವೇನಿತ್ತು? ನೋಡಲಿಕ್ಕೆ ಆಗದಿದ್ದರೆ ಆಗಲಿಲ್ಲ ಅಂದರೆ ಸಾಕಿತ್ತಲ್ಲ?

ಅವಳು ಶನಿವಾರದ ಬೆಳಗಿನ ಶಾಲೆ ಮುಗಿಸಿ ಆಗಷ್ಟೇ ಜಡೆ ಬಸ್ಸಿಳಿದು ಬಂದಿದ್ದಳು. ವ್ಯಾನಿಟಿ ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಬಾಗಿಲಲ್ಲಿ ನನ್ನನ್ನು ನೋಡಿ ಆಶ್ಚರ್ಯವನ್ನೇನೂ ತೋರಿಸಲಿಲ್ಲ. "ಊಟ ಮಾಡು ಮೊದಲು" ಅಂದಳು. ಉಂಡೆವು. ತಟ್ಟೆ ಎತ್ತಿಟ್ಟು ಬಂದು, ತಿದ್ದಬೇಕಾದ ಮಕ್ಕಳ ನೋಟ್‌ಬುಕ್ಕಿನ ಕಟ್ಟನ್ನು ಮುಂದೆ ಎಳೆದುಕೊಂಡು ಕೂತಳು.

"ಯಾಕೆ ಹಿಂಗ್ ಮಾಡಿದ್ಯೇ?" ಅಂದೆ.

"ಎಂತ ಮಾಡಿದೆ?"

"ಅವನ ಮಾತನ್ನ ನಿನ್ನ ಮಾತು ಅಂತ ಹೇಳಿದ್ದು. ಸಿನಿಮಾ ನೋಡಾಕೆ ಟೈಮ್ ಇರಲಿಲ್ಲ ಅಂದ್ರೆ ಹೇಳಬೌದಿತ್ತು."

"ಟೈಮ್ ಇತ್ತು" ಅಂದಳು. ಕೆಂಪು ಪೆನ್ನು ಓಡುತ್ತಲೇ ಇತ್ತು. "ಮೊದಲು ಪೂರ್ತಿ ನೋಡ್ತಿದ್ದೆ. ನೋಡಿ, ಅವನ ವಿಡಿಯೋ ಕೇಳಿ, ಆಮೇಲೆ ನಿಂಗೆ ಫೋನ್ ಮಾಡ್ತಿದ್ದೆ. ನಾ ಅನ್ಕಂಡಿದ್ದು ಎಂತಾದ್ರೂ ಇರ್ಲಿ, ಹೇಳದು ಅವನು ಹೇಳಿದ್ದೇ ಅಂದ ಮೇಲೆ ಪೂರ್ತಿ ಯಾಕೆ ನೋಡ್ಲಿ ಅನ್ನಿಸ್ತು. ಇತ್ತೀಚೆಗೆ ಇಂಟರ್‌ವೆಲ್‌ಗೆ ನಿಲ್ಲಿಸ್ತೀನಿ."

"ಅವನು ಹೇಳಿದ್ದು ಯಾರಿಗೆ ಬೇಕಾಗಿತ್ತು? ನಾನು ಕೇಳಿದ್ದು ನಿನ್ನ."

ಆಗ ಪೆನ್ನು ನಿಂತಿತು. "ನನ್ನ ಮಾತನ್ನ ಹಾಸ್ಟೆಲಿನವ್ರ ಮುಂದೆ ಹೇಳಿ ನಗಾಡಕ್ಕಾ?"

ನನಗೆ ತಕ್ಷಣ ಹೊಳೆಯಲಿಲ್ಲ. ಅವಳೇ ಹೇಳಿದಳು. ಹಿಂದಿನ ವರ್ಷ ಹಳೆಯ ಹಾಸ್ಟೆಲ್ ಗೆಳತಿಯೊಬ್ಬಳ ಮಗಳ ಮದುವೆಯಲ್ಲಿ ಏಳೆಂಟು ಜನ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದೆವು. ನಾನು ಹಾಲಿನ ಕೆನೆಯ ಕಥೆ ಹೇಳಿದ್ದೆ. ಬೆರಳಲ್ಲಿ ಬಳಿದು ಬಾಯಿಗಿಡುವುದನ್ನು ಮಾಡಿ ತೋರಿಸಿ, "ಇದಕ್ಕೆ ಹತ್ತಕ್ಕೆ ಹತ್ತು ಕೊಟ್ಟಾಳೆ ನಮ್ಮ ಟೀಚರಮ್ಮ" ಅಂದಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅವಳೂ ನಕ್ಕಿದ್ದಳು, ನನಗೆ ಚೆನ್ನಾಗಿ ನೆನಪಿದೆ.

"ನೀನೂ ನಕ್ಕಿದ್ದೆಲ್ಲ!"

"ಮತ್ತೆ ಎಂತ ಮಾಡ್ಲಿ, ಎಲೆ ಮುಂದೆ ಕೂತು ಅಳ್ಲಾ?"

"ನಾನು ಪ್ರೀತಿಯಿಂದ ಹೇಳಿದ್ದು ಕಣೆ. ನಿನ್ನ ಮಾತು ಎಷ್ಟು ಚಂದ ಅಂತ ಹೇಳಿದ್ದು."

"ಹಂಗೆ ಕೇಳಿಸ್ಲಿಲ್ಲ" ಅಂದಳು. ಮೊಬೈಲು ತೆಗೆದು ನಮ್ಮಿಬ್ಬರ ಹಳೆಯ ಮೆಸೇಜುಗಳನ್ನು ಹಿಂದೆ ಹಿಂದೆ ಸರಿಸಿ ನನ್ನ ಕೈಗಿಟ್ಟಳು. ಅವಳು ಒಂಬತ್ತು ಅಂದಲ್ಲೆಲ್ಲ ನನ್ನದು ಕಣ್ಣೀರು ಬರುವಷ್ಟು ನಗುವ ಮುಖಗಳು. 'ಒಂಬತ್ತಾ!! ನೀನು ಮಗ್ಗಿ ಬರೆದ ಮಕ್ಕಳಿಗೂ ಇಷ್ಟು ಕೊಡಲ್ಲ.' 'ಅದಲ್ಲ ಬಿಡೆ ಸಿನಿಮಾ ಅಂದ್ರೆ.' 'ಅದಲ್ಲ ಬಿಡೆ, ಕಥೆ ನೋಡು.' 'ಅದಲ್ಲ ಬಿಡೆ.' ನಾನು ಹೀಗೆ ಬರೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ಆ ಹೆಂಗಸಿನ ಜೊತೆ ಮಾತು ಬಿಡು ಅಂತ ನಾನೇ ಹೇಳುತ್ತಿದ್ದೆ.

"ಕನ್ನಡಕದವನ ಮಾತು ಹೇಳಕ್ಕೆ ಶುರು ಮಾಡಿದ ಮೇಲೆ ನೀನು ಒಂದು ದಿನವೂ ನಗಾಡ್ಲಿಲ್ಲ" ಅಂದಳು. "ಕರುವಿನ ಮಾತಿಗೆ ಚೆನ್ನಾಗಿ ಹೇಳಿದೆ ಅಂದೆ. ನನ್ನ ಸ್ವಂತ ಮಾತಿಗೆ ಯಾವತ್ತಾದ್ರೂ ಹಂಗಂದಿದ್ಯಾ?"

ತಪ್ಪಾಯಿತು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅನ್ನಲಿಲ್ಲ. ಒಳಗೆ ಅವಳು ಹೇಳಿದ್ದು ಸರಿ ಅನ್ನಿಸುತ್ತಿತ್ತು, ಬಾಯಿ ಮಾತ್ರ ಬೇರೆಯೇ ಮಾತಾಡುತ್ತಿತ್ತು. ಜಗಳಾಡೋದಕ್ಕೇ ಅಲ್ಲವೇ ನಾವು ಮಾರ್ಕ್ಸ್ ಹೇಳ್ತಿದ್ದದ್ದು, ಅಷ್ಟೂ ತಡಕೊಳ್ಳೋಕೆ ಆಗಲ್ಲವೇನು, ಒಂದು ವರ್ಷ ಮನಸ್ಸಲ್ಲಿಟ್ಟುಕೊಂಡು ನನ್ನನ್ನು ಪೆದ್ದಿ ಮಾಡಿದ್ದು ನೀನಲ್ಲವೇನು, ಎಲ್ಲ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ನಾಲ್ಕೂಕಾಲಿಗೆ ಶಿರಾಳಕೊಪ್ಪದ ಬಸ್ಸು. ಚಾ ಮಾಡ್ತೀನಿ, ಕುಡ್ಕಂಡು ಹೋಗು" ಅಂತ ಎದ್ದಳು. ಚಹಾ ಕುಡಿದು ಹೊರಟೆ. ಸ್ಟ್ಯಾಂಡಿನವರೆಗೆ ಬರುವವಳು ಅವತ್ತು ಗೇಟಿನವರೆಗೆ ಮಾತ್ರ ಬಂದಳು.

ಮೂರು ಭಾನುವಾರ ಫೋನಿಲ್ಲ. ಗಂಡ ಪೇಟೆಗೆ ಹೋಗದೆ ಮನೆಯಲ್ಲೇ ಕೂತರು. "ಏನು, ಮಂಡಳಿ ಬಂದ್ ಆಗೈತಾ?" ಅಂದರು. ವಿಷಯ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ನನಗೂ ಹಂಗೇ ಮಾಡ್ತೀಯ. ಅದಕ್ಕೇ ನಾನು ನಿನ್ನ ಜೊತೆ ಸಿನಿಮಾ ನೋಡಲ್ಲ" ಅಂದರು. ಇಷ್ಟು ವರ್ಷ ಅವರಿಗೆ ಸಿನಿಮಾ ಹುಚ್ಚಿಲ್ಲ ಅಂತ ನಾನು ತಿಳಿದಿದ್ದೆ. ಆ ಮೂರು ವಾರವೂ ನಾನೊಬ್ಬಳೇ ಸಿನಿಮಾ ನೋಡಿದೆ. ಮೂರು, ನಾಲ್ಕು, ಮೂರು. ಯಾರಿಗೆ ಹೇಳುವುದು?

ನಾಲ್ಕನೇ ವಾರ ನಾನೇ ಫೋನ್ ಮಾಡಿ, ಮದುವೆಮನೆಯಲ್ಲಿ ಹಾಗೆ ಮಾಡಬಾರದಿತ್ತು ಅಂದೆ. "ಹ್ಞೂಂ, ಮಾಡಬಾರದಿತ್ತು" ಅಂದಳು. ಅಷ್ಟೇ. ಯಾವುದಾದರೂ ನೋಡಿದೆಯಾ ಅಂತ ಕೇಳಿದೆ. ಗಂಡನಿಗೆ ಅಪಘಾತವಾದ ಸುದ್ದಿ ಕೇಳುವ ಹೆಂಗಸಿನ ಸಿನಿಮಾವೊಂದನ್ನು ಹೇಳಿದಳು. ನಾನೂ ಅದನ್ನು ನೋಡಿ ನಾಲ್ಕು ಕೊಟ್ಟಿದ್ದೆ.

"ಒಂಬತ್ತು" ಅಂದಳು.

ತುಟಿ ಕಚ್ಚಿ ಹಿಡಿದೆ. "ಯಾಕೆ?"

"ಸುದ್ದಿ ಬಂದಾಗ ಅವಳು ತಂತಿ ಮೇಲಿನ ಒಣಗಿದ ಬಟ್ಟೆ ತೆಗೀತಿರ್ತಾಳೆ. ಬಿಟ್ಟು ಓಡ್ಲಿಲ್ಲ. ಕ್ಲಿಪ್ಪು ಎಲ್ಲ ಒಂದೊಂದೇ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಆಮೇಲೆ ಒಳಗೆ ಬಂದ್ಲು. ನಮ್ಮಪ್ಪ ಹೋದಾಗ ನಾನು ಹಾಜರಿ ಪುಸ್ತಕ ಪೂರ್ತಿ ಮಾಡಿ ಶಾಲೆಯಿಂದ ಹೊರಟಿದ್ದೆ."

ಆ ಕ್ಲಿಪ್ಪಿನ ಡಬ್ಬಿ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಚೆನ್ನಾಗಿ ಹೇಳಿದೆ ಅನ್ನಬೇಕು ಅಂದುಕೊಂಡೆ. ಆದರೆ ಆ ಸಿನಿಮಾದ ಕೊನೆಯ ಮುಕ್ಕಾಲು ಗಂಟೆ ನಿಜಕ್ಕೂ ದರಿದ್ರವಾಗಿತ್ತು, ಅದನ್ನು ಹೇಳದೆ ನನಗೆ ತಡೆಯಲಾಗಲಿಲ್ಲ. "ಅದೆಲ್ಲ ಸರಿ, ಆದ್ರೆ ಕೊನೇಲಿ ಆ ಕೋರ್ಟಿನ ಗಲಾಟೆ..." ಅಂತ ಶುರು ಮಾಡಿದೆ. ಅವಳು ಎದುರು ವಾದಿಸಲಿಲ್ಲ, ಒಪ್ಪಲೂ ಇಲ್ಲ. "ನಿನ್ನ ನಾಲ್ಕು ನಿಂಗೆ" ಅಂದು ಮಕ್ಕಳ ವಿಷಯ ಎತ್ತಿದಳು.

ಈಗಲೂ ಫೋನ್ ಮಾಡುತ್ತಾಳೆ, ಪ್ರತಿ ವಾರ ಅಲ್ಲ. ಕನ್ನಡಕದವನನ್ನು ಬಿಟ್ಟಿದ್ದಾಳೆ. ಜಡೆ ಬಸ್ಸಿನಲ್ಲಿ ಹೋಗಿಬರುವ ಐದಾರು ಟೀಚರುಗಳು ಸೇರಿ ಸಿನಿಮಾದ ಗುಂಪೊಂದನ್ನು ಮಾಡಿಕೊಂಡಿದ್ದಾರಂತೆ. ಬಸ್ಸಿನಲ್ಲೇ ಅಂಕಗಳ ಚರ್ಚೆ, ಸೊರಬ ಬಂದದ್ದೇ ತಿಳಿಯುವುದಿಲ್ಲವಂತೆ. ಹೋದ ವಾರ ಅವಳೊಂದು ಸಿನಿಮಾಕ್ಕೆ ಅರ್ಧ ಅಂಕ ಕೊಟ್ಟಳಂತೆ, ನಾಯಕಿ ಮೂರು ದಿನ ಕಾಡಿನಲ್ಲಿ ಅಲೆದರೂ ಹೆಣೆದ ಜಡೆ ಒಂಚೂರೂ ಬಿಚ್ಚಿರಲಿಲ್ಲ ಅಂತ. ಇಡೀ ಬಸ್ಸು ನಕ್ಕಿತು ಅಂತ ಅವಳೇ ಹೇಳಿದಳು, ಸಂತೋಷದಿಂದ. ಅದನ್ನು ನಾನು ಮೊದಲು ಕೇಳಬೇಕಿತ್ತು ಅನ್ನಿಸಿ ಹೊಟ್ಟೆ ಉರಿಯಿತು.

"ನನ್ನನ್ನೂ ಆ ಗುಂಪಿಗೆ ಸೇರಿಸು" ಅಂದೆ.

"ನೋಡಣ, ಅವರನ್ನೆಲ್ಲ ಕೇಳಿ ಹೇಳ್ತೀನಿ" ಅಂದಳು.

ಕೇಳಿದ್ದಾಳೋ ಇಲ್ಲವೋ. ಇವತ್ತಿನವರೆಗೂ ಸೇರಿಸಿಲ್ಲ.