ಪಾರ್ವತಮ್ಮನ ಬೀಜಕ್ಕೆ ಹುಳ ಬಿದ್ದ ವರ್ಷ

ಜರಗನಹಳ್ಳಿಯ ಪಾರ್ವತಮ್ಮನಿಗೆ ಒಡವೆಯ ಆಸೆಯಿರಲಿಲ್ಲ. ಹೊಗಳಿಕೆಯ ಆಸೆ ಮಾತ್ರ ಬೆಟ್ಟದಷ್ಟಿತ್ತು. ಅದೂ ಒಂದೇ ವಿಷಯಕ್ಕೆ. ಊರಿನವರ ಅವರೆ ಬೀಜಕ್ಕೆಲ್ಲ ಹುಳ ಬಿದ್ದರೂ ಅವಳ ಬೀಜಕ್ಕೆ ಬೀಳುತ್ತಿರಲಿಲ್ಲ. ಬೇವಿನ ಸೊಪ್ಪು ಅರೆದು, ಕೆಮ್ಮಣ್ಣು, ಒಲೆಯ ಬೂದಿ, ಒಂದಿಷ್ಟು ಗಂಜಲ ಸೇರಿಸಿ ಕಲಸಿ, ಒಂದೊಂದು ಕಾಳಿಗೂ ಮೆತ್ತುವಂತೆ ಉಜ್ಜಿ ಬಿಸಿಲಿಗೆ ಹರವುತ್ತಿದ್ದಳು. ಅಂಥ ಬೀಜವನ್ನು ಬಿತ್ತುವ ತನಕ ಹುಳ ಮೂಸುತ್ತಿರಲಿಲ್ಲ, ಬಿತ್ತಿದ ಮೇಲೆ ಮೊಳಕೆ ಕೊಳೆಯುತ್ತಿರಲಿಲ್ಲ.

ಊರಿನವರೂ ಬೀಜ ತಂದು ಅವಳ ಕೈಯಲ್ಲೇ ಮಣ್ಣು ಕಟ್ಟಿಸುತ್ತಿದ್ದರು. ಮಾಡಿಕೊಡುತ್ತಿದ್ದಳು, ಜೊತೆಗೆ ಬೈಗುಳ ಪುಕ್ಕಟೆ. "ಬೀಜ ಮಡಗಿದ್ದೀಯೋ, ಹುಳ ಸಾಕಿದ್ದೀಯೋ?" ಎಂದು ಪಕ್ಕದ ಮನೆಯ ಅಂಕಮ್ಮನ ನೀರಿಳಿಸದ ವರ್ಷವೇ ಇಲ್ಲ. "ನನ್ನ ಬೀಜಕ್ಕೆ ಹುಳ ಬಿದ್ದ ದಿನ ನನ್ನ ಹೆಸರೇ ಬದಲಾಯಿಸು" ಎಂಬುದು ಕೊನೆಯ ಮಾತು.

೧೯೭೮ರ ವೈಶಾಖದಲ್ಲಿ ಹನುಮಂತನಗರದ ಜಯಾ ಈ ಮನೆಗೆ ಸೊಸೆಯಾಗಿ ಬಂದಳು. ಪೇಟೆಯ ಹುಡುಗಿ. ಅವರೆಯನ್ನು ಅಂಗಡಿಯ ಮೂಟೆಯಲ್ಲಿ ನೋಡಿದ್ದಳೇ ಹೊರತು ಹೊಲದಲ್ಲಿ ಕಂಡವಳಲ್ಲ. ಬಂದ ತಿಂಗಳಿಗೆ, ಅತ್ತೆ ನಾಮಕರಣಕ್ಕೆಂದು ಪುಟ್ಟೇನಹಳ್ಳಿಗೆ ಹೋದ ದಿನ, ಅಟ್ಟದ ಮೇಲಿನ ಕುಕ್ಕೆ ಕಣ್ಣಿಗೆ ಬಿತ್ತು. ಒಳಗೆ ಎರಡು ಸೇರು ಅವರೆ, ಮೈತುಂಬ ಕೆಮ್ಮಣ್ಣು. ಪಾಪ, ಅತ್ತೆಗೆ ತೊಳೆಯಲೂ ಪುರುಸೊತ್ತಿಲ್ಲ ಎಂದುಕೊಂಡಳು. ಏಳು ನೀರಲ್ಲಿ ತೊಳೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೆರಳು ನೋಯುವ ತನಕ ಹಿದುಕಿದಳು. ಸಾರು ಮಾಡಿ ಮಿಕ್ಕದ್ದನ್ನು ಉಪ್ಪಿಟ್ಟಿಗೂ ಹಾಕಿದಳು.

ಮಧ್ಯಾಹ್ನ ಬಂದ ಪಾರ್ವತಮ್ಮ ಊಟಕ್ಕೆ ಕೂತು ಮೊದಲ ತುತ್ತಿಗೇ ಕೈ ತಡೆದಳು. ಸಾರಿನಲ್ಲಿ ಬೇವಿನ ಕಹಿ.

"ಈ ಅವರೆ ಎಲ್ಲಿತ್ತಮ್ಮ?"

"ಅಟ್ಟದ ಮೇಲೆ, ಅತ್ತೆ. ಎಷ್ಟು ಮಣ್ಣಿತ್ತು ಅಂತೀರಾ! ಎಲ್ಲಾ ತೊಳ್ದುಬಿಟ್ಟೆ."

ಮಾವ ಗಂಗಯ್ಯ ಮುದ್ದೆ ಮುರಿಯುವುದನ್ನು ಬಿಟ್ಟು, "ಅಯ್ಯೋ, ಬಿತ್ತನೆ ಬೀಜ ಕಣಮ್ಮ ಅದು!" ಎಂದ. ಪಾರ್ವತಮ್ಮ ತಟ್ಟೆ ಖಾಲಿ ಮಾಡಿ ಎದ್ದು ಹೋದಳು. ಬೈದಿದ್ದರೆ ಜಯಾಗೆ ಸಮಾಧಾನವಾಗುತ್ತಿತ್ತು. ಇನ್ನು ಹತ್ತು ದಿನಕ್ಕೆ ಆಷಾಢ, ಹೊಸ ಸೊಸೆ ತವರಿಗೆ ಹೋಗಬೇಕು. ಬಿತ್ತುವ ಬೀಜವನ್ನೇ ಬೇಯಿಸಿಟ್ಟವಳನ್ನು ತಿಂಗಳು ಕಳೆದ ಮೇಲೆ ಯಾರು ಕರೆಯಲು ಬರುತ್ತಾರೆ? ಅವಳು ಸೀರೆ ಮಡಿಸುತ್ತ ಅತ್ತಳು.

ಮರುದಿನ ಬೆಳಿಗ್ಗೆ ಎಲ್ಲಿಗೋ ಹೋಗಿಬಂದ ಪಾರ್ವತಮ್ಮ, "ಅಂಕಮ್ಮನ ಮನೇಲಿ ನಮ್ಮ ತಳಿ ಬೀಜ ಐತೆ, ಹೋಗಿ ಇಸ್ಕೊಂಡು ಬಾ" ಎಂದಳು. ಜಯಾ ತಲೆ ತಗ್ಗಿಸಿಕೊಂಡು ಹೋದಳು. ಇಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಅಂಕಮ್ಮನ ಮುಖ ಹಬ್ಬದಂತಿತ್ತು. "ಬಾರಮ್ಮ ಬಾ! ನಿಮ್ಮತ್ತೆ ಬೀಜಕ್ಕೂ ಹುಳ ಬಿತ್ತಂತಲ್ಲ! ಅವಳೇ ಬಂದು ಬಾಯ್ಬಿಟ್ಟು ಹೇಳ್ಕೊಂಡ್ಲು. ಮೂವತ್ತು ವರ್ಷಕ್ಕೆ ನನ್ನ ಹೊಟ್ಟೆ ತಣ್ಣಗಾಯ್ತು ನೋಡು." ನಗುತ್ತಲೇ ಎರಡು ಸೇರು ಅಳೆದು, ಮೇಲೊಂದು ಹಿಡಿ ಹಾಕಿದಳು.

ಜಯಾಗೆ ದಾರಿಯುದ್ದಕ್ಕೂ ಕಣ್ಣು ಮಂಜಾಗಿತ್ತು. ಅತ್ತೆ ಅಂಗಳದಲ್ಲಿ ಕೆಮ್ಮಣ್ಣು ಕಲಸುತ್ತ ಕೂತಿದ್ದಳು.

"ಅತ್ತೆ, ಹುಳ ಬಿತ್ತು ಅಂತ ಯಾಕೆ ಹೇಳಿದ್ರಿ? ನಾನು ಮಾಡಿದ್ದು ಅಂತ ಹೇಳ್ಬೋದಿತ್ತಲ್ಲ."

"ಸುಳ್ಳೇನೈತೆ? ಎರಡು ಸೇರು ಖಾಲಿ ಮಾಡಿದ ಹುಳ ನನ್ನ ಮುಂದೆ ನಿಂತು ಅಳ್ತಾ ಐತೆ. ಕೂತ್ಕೊ, ಮಣ್ಣು ಮೆತ್ತು. ಆಷಾಢ ಮುಗಿದ ದಿನವೇ ನಾನೇ ಬಂದು ಕರ್ಕೊಂಡು ಬರ್ತೀನಿ. ಕಳೆ ಕೀಳೋಕೆ ಜನ ಬೇಕು."

ಜಯಾ ಬಳೆಗಳನ್ನು ಮೇಲೇರಿಸಿ ಎರಡೂ ಕೈಗಳನ್ನು ಮಣ್ಣಿಗೆ ಹಾಕಿದಳು.